ಭೇದಿಯಾದಾಗ ಬರೀ ನೀರು ಸಾಕೇ?



ಸಂಘದ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ಮಾತು: “ಸಿಸ್ಟರ್, ಭೇದಿ ಆಗ್ತಿರುವಾಗ ನೀರು ಕೊಟ್ರೆ ಇನ್ನೂ ಜಾಸ್ತಿ ಹೋಗುತ್ತೆ, ಅದಕ್ಕೇ ಮಗುವಿಗೆ ಕೊಡಲಿಲ್ಲ.” ಇದು ಅಪಾಯದ ತಿಳುವಳಿಕೆ. ಭೇದಿಯಲ್ಲಿ ಮಕ್ಕಳ ಪ್ರಾಣ ಹೋಗುವುದು ಹೆಚ್ಚಾಗಿ ದೇಹದ ನೀರು ಮತ್ತು ಉಪ್ಪು ಬರಿದಾಗುವುದರಿಂದ.

ದೇಹದೊಳಗೆ ಏನಾಗುತ್ತದೆ?

ಆರೋಗ್ಯವಾಗಿದ್ದಾಗ ಕರುಳು ನೀರನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ. ರೋಗಾಣು ಸೇರಿದಾಗ ಹೀರುವುದು ಕಡಿಮೆಯಾಗಿ, ದೇಹದ ನೀರು, ಉಪ್ಪೇ ಕರುಳಿಗೆ ಸೋರಿ ಹೊರಗೆ ಹೋಗುತ್ತದೆ. ರಕ್ತದಲ್ಲಿ ನೀರಿನಂಶ ಇಳಿದಾಗ ಹೃದಯ ಬೇಗ ಬೇಗ ಬಡಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಕೊನೆಗೆ ಮೆದುಳಿಗೂ ರಕ್ತ ಸಾಲದೆ ಮಗು ಪ್ರಜ್ಞೆ ತಪ್ಪುತ್ತದೆ.

ಆದರೆ ಕರುಳಿನ ಒಂದು ಬಾಗಿಲು ಭೇದಿಯಲ್ಲೂ ತೆರೆದೇ ಇರುತ್ತದೆ. ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಅದು ಒಳಗೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು, ಡ್ರಿಪ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ನಾವು ಮಾಡಬೇಕಾದ್ದು

* ಪೊಟ್ಟಣದ ಮೇಲೆ ಬರೆದಷ್ಟೇ ಕುಡಿಯುವ ನೀರಿನಲ್ಲಿ ಪೂರ್ತಿ ಪುಡಿ ಕರಗಿಸಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್. 24 ಗಂಟೆಯ ನಂತರ ಚೆಲ್ಲಿಬಿಡಿ.
* ರುಚಿಗೆಂದು ಸಕ್ಕರೆ ಸೇರಿಸಬೇಡಿ. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ.
* ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.
* ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿ.
* ಎದೆಹಾಲು, ಊಟ ನಿಲ್ಲಿಸಬೇಡಿ. ಸತುವಿನ (ಜಿಂಕ್) ಮಾತ್ರೆಯನ್ನು ಆಶಾ ಕಾರ್ಯಕರ್ತೆ ಹೇಳಿದಂತೆ, ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.

ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಬೇಗ ಸರಿಹೋಗದಿದ್ದರೆ, ಮಗು ಮಂಕಾಗಿ ಕುಡಿಯಲಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕುಡಿಯುವಂತಿದ್ದರೆ ದಾರಿಯಲ್ಲೂ ಕುಡಿಸುತ್ತಿರಿ.

ಮುಂದಿನ ಸಭೆಯಲ್ಲಿ ಎಲ್ಲರೂ ಸೇರಿ ಒಂದು ಪೊಟ್ಟಣ ಕರಗಿಸಿ ನೋಡೋಣ. ರಾತ್ರಿ ಹೊತ್ತು ಕೈಗೆ ಸಿಗುವಂತೆ ಪ್ರತಿ ಮನೆಯಲ್ಲೂ ಎರಡು ಪೊಟ್ಟಣ ಇರಲಿ.