‘80ಜಿ ಇದೆಯಾ?’

ಬೀದಿನಾಯಿಗಳ ಆರೈಕೆಗೆ ನಾವು ಗೆಳೆಯರು ಸಣ್ಣ ಸಂಸ್ಥೆ ಕಟ್ಟಲು ಹೊರಟಿದ್ದೇವೆ. ದೇಣಿಗೆ ಕೇಳಿದರೆ ಎಲ್ಲರೂ ‘80ಜಿ ಇದೆಯಾ?’ ಎನ್ನುತ್ತಾರೆ. ಯಾಕೆ?

ಅವರ ತೆರಿಗೆ ಉಳಿಯುತ್ತದೆ, ಅದಕ್ಕೆ. 80ಜಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ. 2025ರ ಕಾಯ್ದೆಯಲ್ಲಿ ಸಂಖ್ಯೆ ಬದಲಾದರೂ ಜನರ ಬಾಯಲ್ಲಿ ಹೆಸರು ಅದೇ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಈ ಕಲಮಿನಡಿ ಅನುಮೋದನೆ ಪಡೆದ ಸಂಸ್ಥೆಗೆ 10,000 ರೂಪಾಯಿ ಕೊಟ್ಟರೆ, ಸಾಮಾನ್ಯವಾಗಿ ಅದರ ಅರ್ಧದಷ್ಟು ಅವರ ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತದೆ. ಶೇ 30ರ ಹಂತದವರಿಗೆ ಸುಮಾರು 1,500 ರೂಪಾಯಿ ಉಳಿತಾಯ. 2,000 ರೂಪಾಯಿ ಮೀರಿದ ನಗದಿಗೆ ಈ ಲಾಭವಿಲ್ಲ.

ಆದರೆ ಈ ಲಾಭ ಸಿಗದ ಹೊಸ ಪದ್ಧತಿಯವರೂ ಕೇಳುತ್ತಾರಲ್ಲ? ಕಿರಾಣಿ ಅಂಗಡಿಯ ತಕ್ಕಡಿ ಮೇಲಿನ ಸರ್ಕಾರಿ ಮುದ್ರೆಯ ಹಾಗೆ ಈ 80ಜಿ. ಮುದ್ರೆಯಿಂದ ಬೇಳೆಯ ರುಚಿ ಹೆಚ್ಚದು. ಯಾರೋ ಪರೀಕ್ಷಿಸಿದ್ದಾರೆ ಎಂಬ ಧೈರ್ಯ, ಅಷ್ಟೆ.

ಅದನ್ನು ಪಡೆಯುವುದು ಹೇಗೆ? ಮೊದಲು ಟ್ರಸ್ಟ್ ಡೀಡ್ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆಮೇಲೆ ಟ್ರಸ್ಟ್ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ. (ನಿಮ್ಮಲ್ಲೊಬ್ಬರ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದು ಬೇಡವೇ ಬೇಡ, ಗೆಳೆತನ ಕೆಡುವುದು ಅಲ್ಲೇ.) ನಂತರ ಆದಾಯ ತೆರಿಗೆ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಬೇಕು. ಹೊಸ ಸಂಸ್ಥೆಗೆ ಮೊದಲು ಸಿಗುವುದು ತಾತ್ಕಾಲಿಕ ಅನುಮೋದನೆ.

ಅಮೆರಿಕದಲ್ಲಿ ನೆಂಟರಿದ್ದಾರೆಯೇ? ಅವರಿನ್ನೂ ಭಾರತದ ಪೌರರಾಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ದೇಣಿಗೆ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಮಾತ್ರ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿಯಿಲ್ಲದೆ ಒಂದು ಡಾಲರನ್ನೂ ಮುಟ್ಟುವಂತಿಲ್ಲ.