ಮೊದಲು ಬೀಳುವುದನ್ನು ಕಲಿಸುವ ವಿದ್ಯೆ

ಸಂಜೆ ಆರಾಗುತ್ತಿದ್ದಂತೆ ನಮ್ಮ ಬಡಾವಣೆಯ ಸಮುದಾಯ ಭವನದ ಮುಂದೆ ಸ್ಕೂಟರುಗಳು ಸಾಲುಗಟ್ಟುತ್ತವೆ. ಒಳಗೆ ಬಿಳಿ ಸಮವಸ್ತ್ರದ ಮಕ್ಕಳು, ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅಪ್ಪ ಅಮ್ಮಂದಿರು. ಮಗಳ ಜೂಡೊ ಕ್ಲಾಸು ಮುಗಿಯುವುದನ್ನು ಕಾಯುತ್ತ ನಾಲ್ಕು ವರ್ಷ ಆ ಕುರ್ಚಿಗಳಲ್ಲಿ ಕೂತವಳು ನಾನು. ಅಲ್ಲಿನ ಮಾತುಕತೆಯಲ್ಲಿ ಎರಡು ದನಿ ಮತ್ತೆ ಮತ್ತೆ ಕೇಳಿದ್ದೇನೆ. ಒಂದು ಹೆದರಿಕೆಯದು: "ಹೊಡೆದಾಟ ಕಲಿತು ಹುಡುಗ ಒರಟಾಗಿಬಿಟ್ರೆ ಏನ್ರೀ ಮಾಡೋದು?" ಇನ್ನೊಂದು ಆಸೆಯದು: "ಇದೊಂದು ಕಲಿತುಬಿಟ್ಲು ಅಂದ್ರೆ ನಾಳೆ ಯಾರೂ ಇವಳ ತಂಟೆಗೆ ಬರಲ್ಲ."

ಎರಡೂ ಒಂದೇ ಕಡೆ ಎಡವುತ್ತವೆ. ಕರಾಟೆ, ಜೂಡೊ, ಟೇಕ್ವಾಂಡೊ, ಕುಸ್ತಿ ಎಂದರೆ ಮಕ್ಕಳ ಕೈಗೆ ಕೊಡುವ ಆಯುಧ ಎಂದು ಇಬ್ಬರೂ ನಂಬಿದ್ದಾರೆ. ನಾನು ಕಣ್ಣಾರೆ ಕಂಡದ್ದು ಬೇರೆ. ಮೊದಲ ಎರಡು ತಿಂಗಳು ನನ್ನ ಮಗಳು ಯಾರನ್ನೂ ಎತ್ತಿ ಹಾಕಲಿಲ್ಲ, ಬೀಳುವುದನ್ನು ಕಲಿತಳು. ಗದ್ದವನ್ನು ಎದೆಗೆ ಒತ್ತಬೇಕು, ಬೆನ್ನು ಬಾಗಿಸಬೇಕು, ಮೈ ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ತೋಳಿನಿಂದ ಮ್ಯಾಟನ್ನು ಬಡಿಯಬೇಕು. ತಲೆಯ ಹಿಂಭಾಗ ನೆಲಕ್ಕೆ ತಾಗಲೇಬಾರದು. ಹಿಂದಕ್ಕೆ, ಎಡಕ್ಕೆ, ಬಲಕ್ಕೆ, ಉರುಳಿಕೊಂಡು ಮುಂದಕ್ಕೆ, ದಿನವೂ ಅದೇ. ಹದಿಮೂರರ ಹುಡುಗಿ, ನಾಲ್ಕು ಜನರೆದುರು ಜಾರಿ ಬಿದ್ದರೆ ವಾರಗಟ್ಟಲೆ ಮುಖ ತೋರಿಸದ ವಯಸ್ಸು. ಅಂಥವಳು ಸಂಜೆಗೆ ಐವತ್ತು ಸಲ ಎಲ್ಲರೆದುರು ಬಿದ್ದು ಏಳುತ್ತಿದ್ದಳು.

"ಹೊಡೆದಾಟ ಕಲಿತರೆ ಒರಟರಾಗುತ್ತಾರೆ"

ಈ ಭಯವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಸಂಶೋಧಕ ಮೈಕೆಲ್ ಟ್ರುಲ್ಸನ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪುಂಡಾಟಿಕೆಯ ಹಾದಿ ಹಿಡಿದಿದ್ದ 13ರಿಂದ 17 ವರ್ಷದ 34 ಮಂದಿಯನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿದ ಅಧ್ಯಯನ ಅದು. ಒಂದು ಗುಂಪು ಟೇಕ್ವಾಂಡೊವನ್ನು ಅದರ ಸಂಪ್ರದಾಯ, ಶಿಸ್ತು, ವಿಚಾರಗಳ ಸಮೇತ ಕಲಿಯಿತು. ಎರಡನೆಯದು ಅವು ಯಾವುವೂ ಇಲ್ಲದ, ಬರೀ ಹೊಡೆತ ಒದೆತಗಳ ತರಬೇತಿ ಪಡೆಯಿತು. ಮೂರನೆಯದಕ್ಕೆ ಸಾಮಾನ್ಯ ವ್ಯಾಯಾಮ. ಮೊದಲ ಗುಂಪಿನಲ್ಲಿ ಆಕ್ರಮಣಶೀಲತೆ, ಆತಂಕ ಎರಡೂ ತಗ್ಗಿದವು, ಸ್ವಾಭಿಮಾನ ಹೆಚ್ಚಿತು. ಎರಡನೆಯ ಗುಂಪಿನವರು ಮೊದಲಿಗಿಂತ ಹೆಚ್ಚು ಪುಂಡರಾದರು. ಮೂರನೆಯದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 34 ಚಿಕ್ಕ ಸಂಖ್ಯೆ, ಅದರ ಮೇಲೆ ದೊಡ್ಡ ತೀರ್ಪು ಕಟ್ಟಲಾಗದು. ಆದರೆ 2005ರಲ್ಲಿ ನಾರ್ವೆಯಿಂದ ಬಂದ ಇನ್ನೊಂದು ಅಧ್ಯಯನವೂ ಅದೇ ಎಚ್ಚರಿಕೆ ಕೊಟ್ಟಿತು. ಬಾಕ್ಸಿಂಗ್, ಕುಸ್ತಿ, ಭಾರ ಎತ್ತುವಿಕೆ, ಪೂರ್ವದೇಶಗಳ ಸಮರ ಕಲೆಗಳಲ್ಲಿ ತೊಡಗಿದ್ದ ಹುಡುಗರಲ್ಲಿ ಕೆಟ್ಟ ನಡವಳಿಕೆ ಹೆಚ್ಚಿದ್ದನ್ನು ಎಂಡ್ರೆಸೆನ್ ಮತ್ತು ಓಲ್ವಿಯಸ್ ದಾಖಲಿಸಿದರು. ಅಭ್ಯಾಸದ ಜೊತೆಗೆ ಅಲ್ಲಿ ಸುತ್ತ ತುಂಬಿದ್ದ 'ಗಂಡಸುತನ'ದ ಗತ್ತೂ ಕಾರಣವಿರಬೇಕು ಎಂದು ಅವರು ಊಹಿಸಿದರು.

ಆದ್ದರಿಂದ "ಕರಾಟೆ ಕಲಿತರೆ ಶಿಸ್ತು ತಾನಾಗಿ ಬರುತ್ತದೆ" ಎಂಬ ಜಾಹೀರಾತಿನ ಮಾತೂ ತಪ್ಪು, "ಒರಟರಾಗುತ್ತಾರೆ" ಎಂಬುದೂ ತಪ್ಪು. ಯಾವ ವಿದ್ಯೆ ಎನ್ನುವುದಕ್ಕಿಂತ ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎನ್ನುವುದೇ ಮುಖ್ಯ.

ಈ ವಿದ್ಯೆಗಳನ್ನು ಕಟ್ಟಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೊಗೆ ರೂಪ ಕೊಟ್ಟ ಜಿಗೊರೊ ಕಾನೊ ವೃತ್ತಿಯಿಂದ ಶಿಕ್ಷಕ. ಮುಂದೆ ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಜಪಾನಿನ ಹಳೆಯ ಹೊಡೆದಾಟದ ವಿದ್ಯೆಯಾದ ಜುಜುತ್ಸುವಿನಲ್ಲಿ ಕೈಕಾಲು ಮುರಿಯುವಂಥ ಅಪಾಯದ ಪಟ್ಟುಗಳನ್ನು ಅವರು ಬಿಡುಸೆಣಸಾಟದಿಂದ ಹೊರಗಿಟ್ಟರು. ಎದುರಾಳಿಗೆ ನೋವಾಗದಂತೆ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಲು ಅದರಿಂದಲೇ ಸಾಧ್ಯವಾಯಿತು. ಕರಾಟೆಯದೂ ಇಂಥದೇ ಕತೆ. 20ನೆಯ ಶತಮಾನದ ಆರಂಭದಲ್ಲಿ ಒಕಿನಾವಾ ದ್ವೀಪದ ಆಂಕೊ ಇತೊಸು ಅದನ್ನು ಶಾಲೆಗಳಿಗೆ ತಂದರು, ಮಕ್ಕಳಿಗೆಂದೇ ಸರಳವಾದ 'ಪಿನಾನ್' ಕಟಾಗಳನ್ನು, ಅಂದರೆ ಹೊಡೆತ ತಡೆಗಳ ಕ್ರಮಬದ್ಧ ಸರಣಿಗಳನ್ನು, ಹೆಣೆದರು. 1922ರಲ್ಲಿ ಅದನ್ನು ಟೋಕಿಯೊದಲ್ಲಿ ತೋರಿಸಿ ಹಬ್ಬಿಸಿದ ಗಿಚಿನ್ ಫುನಾಕೊಶಿ ಕೂಡ ಶಾಲಾ ಮೇಷ್ಟ್ರು. ಇವತ್ತು ನಮ್ಮ ಮಕ್ಕಳು ಕಲಿಯುತ್ತಿರುವುದು ಮೇಷ್ಟ್ರುಗಳು ತಿದ್ದಿದ ವಿದ್ಯೆಯನ್ನು.

ಜೂಡೊದಲ್ಲಿ ಒಂದು ಸಣ್ಣ ಕ್ರಮವಿದೆ. ಹಿಡಿತಕ್ಕೆ ಸಿಕ್ಕವರು ಎದುರಾಳಿಯ ಮೈಯನ್ನೋ ಮ್ಯಾಟನ್ನೋ ಎರಡು ಸಲ ತಟ್ಟಿದರೆ ಅಲ್ಲಿಗೆ ಮುಗಿಯಿತು, ಆ ಕ್ಷಣವೇ ಬಿಡಬೇಕು. ಅರೆಗಳಿಗೆ ತಡಮಾಡಿದರೂ ಕೋಚ್ ಆಟ ನಿಲ್ಲಿಸುತ್ತಾರೆ. ಹದಿನಾಲ್ಕಕ್ಕೆ ದಿಢೀರನೆ ಆರಂಗುಲ ಬೆಳೆದ ಹುಡುಗನಿಗೆ ತನ್ನ ತೋಳಿನ ಬಲ ತನಗೇ ತಿಳಿದಿರುವುದಿಲ್ಲ. ದುಡುಕನ್ನು ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಆ ನಡುವಿನ ವರ್ಷಗಳಲ್ಲಿ, ಗೆಲ್ಲುತ್ತಿರುವಾಗಲೇ ಇನ್ನೊಬ್ಬರ ನೋವಿನ ಸಂಜ್ಞೆ ಕೇಳಿ ಕೈ ಸಡಿಲಿಸುವುದನ್ನು ಮೈಗೆ ಕಲಿಸುವ ಜಾಗ ಬೇರೆಲ್ಲಿದೆ? ನಾಳೆ ಅದೇ ಗೆಳೆಯನ ಹಿಡಿತದಲ್ಲಿ ತಾನು ಇರಬೇಕಾಗುತ್ತದೆ ಎಂಬುದೂ ಅವನಿಗೆ ಗೊತ್ತು.

ನಮ್ಮ ಗರಡಿಗಳಲ್ಲೂ ಇದೇ ಸಂಸ್ಕಾರ ಬೇರೆ ರೂಪದಲ್ಲಿದೆ. ಮಟ್ಟಿಗೆ ಇಳಿಯುವ ಮುನ್ನ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವುದು, ಉಸ್ತಾದರಿಗೆ ನಮಸ್ಕರಿಸುವುದು, ಪಟ್ಟು ಕಲಿಯುವ ಮೊದಲು ತಿಂಗಳುಗಟ್ಟಲೆ ದಂಡ ಬಸ್ಕಿ ಹೊಡೆಯುವುದು, ಮಣ್ಣನ್ನು ಅಗೆದು ಹದ ಮಾಡುವುದು. ನಾಳೆಯೇ ಅಖಾಡಕ್ಕಿಳಿಯಬೇಕು ಎಂಬ ಅವಸರದ ಹುಡುಗರನ್ನು ಗುದ್ದಲಿಯೇ ತಾಳ್ಮೆಗೆ ತರುತ್ತದೆ.

"ಹೆಣ್ಣುಮಕ್ಕಳ ಮೈಗೆ ಇದು ಒಗ್ಗುವುದಿಲ್ಲ"

ಇದನ್ನು ಜೋರಾಗಿ ಯಾರೂ ಹೇಳುವುದಿಲ್ಲ. ತಾಯಂದಿರು ಪಕ್ಕದ ಕುರ್ಚಿಗೆ ಬಾಗಿ ಪಿಸುಗುಟ್ಟುತ್ತಾರೆ. ಕಾಲು ಅಗಲಿಸಿ ಒದೆದರೆ "ಏನಾದರೂ ಹೆಚ್ಚುಕಮ್ಮಿ" ಆದೀತು, ಮುಂದೆ ಮದುವೆಗೆ ತೊಡಕಾದೀತು ಎಂಬ ಅಳುಕು ಅದು. ಬಿಚ್ಚಿಯೇ ಹೇಳಬೇಕು. ಕನ್ಯಾಪೊರೆಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಅದನ್ನು ನೋಡಿ ಹುಡುಗಿಯ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈದ್ಯಕೀಯ ಆಧಾರವೇ ಇಲ್ಲ, ಅದನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಇತರ ಅಂಗಗಳು 2018ರಲ್ಲಿ ಒಟ್ಟಾಗಿ ಕರೆ ಕೊಟ್ಟವು. ಇಲ್ಲದ ಭಯಕ್ಕೆ ಮಗಳ ಓಟ, ಒದೆತ, ಸೈಕಲ್ಲು ಯಾವುದನ್ನೂ ಬಲಿಕೊಡಬೇಕಾಗಿಲ್ಲ. ಮುಟ್ಟಿನ ದಿನಗಳಲ್ಲೂ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಹೊಟ್ಟೆನೋವಿದ್ದರೆ ಆ ದಿನ ಬಿಡಲಿ, ಇಲ್ಲದಿದ್ದರೆ ಹೋಗಲಿ, ಅವಳೇ ತೀರ್ಮಾನಿಸಲಿ.

ಹೆಣ್ಣುಮಕ್ಕಳಿಗೆ ಇದರ ಅಗತ್ಯ ಒಂದು ಕೈ ಹೆಚ್ಚೇ. ಜೀವನದುದ್ದಕ್ಕೂ ನಮ್ಮನ್ನು ಹೊರುವ ಮೂಳೆಯ ಗಟ್ಟಿತನದ ಸುಮಾರು ಶೇ 90 ಭಾಗ ಹುಡುಗಿಯರಲ್ಲಿ 18ರ ಹೊತ್ತಿಗೆ ಕೂಡಿಬಂದಿರುತ್ತದೆ. ಜಿಗಿತ, ತಳ್ಳಾಟ, ಮೈಭಾರ ಹೊರುವ ಕಸರತ್ತು ಮೂಳೆಯನ್ನು ಬಲಪಡಿಸುತ್ತವೆ. ನಮ್ಮಲ್ಲಿ ಹುಡುಗಿ ಮೈನೆರೆದ ಕೂಡಲೇ ಆಟ ನಿಲ್ಲಿಸುವ ರೂಢಿ ಸರಿಯಾಗಿ ಈ ವರ್ಷಗಳಲ್ಲೇ ಬಂದು ಬೀಳುತ್ತದೆ.

ಬೆಳಗಾವಿ ಹತ್ತಿರದ ತುರಮುರಿಯ ರೈತ ಕುಟುಂಬದ ಮಲಪ್ರಭಾ ಜಾಧವ ಜೂಡೊ ಕಲಿತು ಬೆಳೆದವರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕುರಾಶ್ ಪಂದ್ಯದಲ್ಲಿ, 52 ಕೆ.ಜಿ. ವಿಭಾಗದ ಕಂಚು ತಂದರು. ಕುರಾಶ್ ಎಂದರೆ ಉಜ್ಬೇಕಿಸ್ತಾನದ ಕುಸ್ತಿ. ಮೈಸೂರು ದಸರಾ ಕುಸ್ತಿಯಲ್ಲೂ ಈಗ ಹೆಣ್ಣುಮಕ್ಕಳು ಸೆಣಸುತ್ತಾರೆ, ಗೆದ್ದವಳಿಗೆ 'ದಸರಾ ಕಿಶೋರಿ' ಬಿರುದು.

"ಕಲಿತುಬಿಟ್ಟರೆ ಯಾರಿಗೂ ಹೆದರಬೇಕಾಗಿಲ್ಲ"

ಸಿನಿಮಾದಲ್ಲಿ ಒಬ್ಬಳು ನಾಲ್ವರನ್ನು ಉರುಳಿಸುತ್ತಾಳೆ. ನಿಜದ ಬೀದಿಯಲ್ಲಿ ಐವತ್ತು ಕೆ.ಜಿ.ಯ ಹುಡುಗಿಯ ಎದುರು ಎಂಬತ್ತು ಕೆ.ಜಿ.ಯ ಗಂಡಸು ನಿಂತರೆ ತೂಕದ ಲೆಕ್ಕ ಲೆಕ್ಕವೇ. ತೂಕದ ಅಂತರ ಅಷ್ಟು ಮುಖ್ಯವಲ್ಲದಿದ್ದರೆ ಈ ಕ್ರೀಡೆಗಳಲ್ಲಿ ತೂಕದ ವಿಭಾಗಗಳೇ ಇರುತ್ತಿರಲಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಯ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಇದೆ, ನಮ್ಮ ರಾಜ್ಯದ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲೂ ಇದೆ. ಒಳ್ಳೆಯ ಕೆಲಸ, ಮುಂದುವರಿಯಲೇಬೇಕು. ಆದರೆ ಮೂರು ತಿಂಗಳಲ್ಲಿ ಕಲಿತ ಗುದ್ದು ಮೂರು ವರ್ಷ ಅಭ್ಯಾಸವಿಲ್ಲದೆ ಬಿಟ್ಟ ಮೇಲೆ ಕೈಗೆ ಸಿಗುವುದಿಲ್ಲ.

ಹಾಗಿದ್ದರೆ ಉಪಯೋಗವೇನು? ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಚಾರ್ಲೀನ್ ಸೆನ್ ತಂಡ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಮೊದಲ ವರ್ಷದ ವಿದ್ಯಾರ್ಥಿನಿಯರಲ್ಲಿ ಒಂದು ಗುಂಪಿಗೆ 12 ಗಂಟೆಗಳ ತರಬೇತಿ ಕೊಟ್ಟರು, ಇನ್ನೊಂದಕ್ಕೆ ಮಾಹಿತಿ ಪತ್ರಗಳನ್ನಷ್ಟೇ. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಎರಡನೆಯ ಗುಂಪಿನಲ್ಲಿ ಶೇ 9.8 ಇದ್ದರೆ ತರಬೇತಿ ಪಡೆದವರಲ್ಲಿ ಶೇ 5.2. ಕೈಕಾಲು ಬಳಸುವುದು ಆ ತರಬೇತಿಯ ಒಂದು ಭಾಗ ಮಾತ್ರ. ಪರಿಚಿತನ ನಡವಳಿಕೆಯಲ್ಲಿ ಅಪಾಯ ಗುರುತಿಸುವುದು, ಸಂಕೋಚ ಬಿಟ್ಟು "ಬೇಡ" ಎನ್ನುವುದು, ತನಗೇನು ಬೇಕು ಎಂಬುದರ ಸ್ಪಷ್ಟತೆ ಉಳಿದ ಭಾಗ. ಕಿರುಕುಳ ಕೊಡುವವರು ಬಹುಪಾಲು ಗೊತ್ತಿರುವವರೇ ಆಗಿರುವಾಗ, ಮಾವನಿಗೋ ಟ್ಯೂಷನ್ ಮೇಷ್ಟ್ರಿಗೋ ದನಿಯೆತ್ತಿ ಎದುರಾಡಬಲ್ಲ ಗಂಟಲು ಬೇಕು. ಕ್ಲಾಸಿನಲ್ಲಿ ಹೊಟ್ಟೆಯಾಳದಿಂದ ಕೂಗು ಹಾಕಿಸುತ್ತಾರಲ್ಲ, ಮೊದಲ ದಿನ ಅದು ಬಾರದೆ ನನ್ನ ಮಗಳು ಕಣ್ಣೀರಿಟ್ಟಿದ್ದಳು. ಮೆತ್ತಗೆ ಮಾತಾಡು ಎಂದು ಹನ್ನೆರಡು ವರ್ಷ ಹೇಳಿದವಳು ನಾನೇ. ಇಷ್ಟೆಲ್ಲ ಕಲಿತ ಮೇಲೂ ಹುಡುಗಿಗೆ ಏನಾದರೂ ಆದರೆ ತಪ್ಪು ಮಾಡಿದವನದು, "ಕರಾಟೆ ಕಲಿತಿದ್ದೂ ಯಾಕೆ ಹೊಡೀಲಿಲ್ಲ?" ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರಬಾರದು.

ಹುಡುಗರಿಗೆ ಕಾನೂನಿನ ಮಾತೂ ತಿಳಿದಿರಲಿ. ಬ್ಲ್ಯಾಕ್ ಬೆಲ್ಟ್ ಬಂದವರು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು ಎಂಬ ಸುದ್ದಿ ಹಳೆಯದು; ಅಂಥ ಕಾನೂನೇ ಇಲ್ಲ. ಇರುವುದು ಇಷ್ಟು: ಮೈಮೇಲೆ ಬಿದ್ದವರಿಂದ ತನ್ನನ್ನೂ ಇತರರನ್ನೂ ಕಾಪಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಇದನ್ನು ಹೇಳುತ್ತದೆ. ನೆಲಕ್ಕೆ ಬಿದ್ದವನನ್ನು ಮತ್ತೆ ಒದ್ದರೆ ಅದು ಆತ್ಮರಕ್ಷಣೆ ಎನಿಸುವುದಿಲ್ಲ.

"ಬೆಳವಣಿಗೆ ಕುಂಠಿತವಾಗುತ್ತದೆ"

ದಂಡ ಬಸ್ಕಿ ಹೊಡೆದರೆ ಎತ್ತರ ನಿಲ್ಲುತ್ತದೆ ಎಂಬುದು ಸುಳ್ಳು. ಸರಿಯಾದ ಮೇಲ್ವಿಚಾರಣೆಯ ಬಲವರ್ಧನೆಯ ವ್ಯಾಯಾಮ ಎತ್ತರಕ್ಕೆ ಅಡ್ಡಿಯಲ್ಲ ಎಂದು ಮಕ್ಕಳ ವೈದ್ಯರು ಹೇಳುತ್ತಲೇ ಬಂದಿದ್ದಾರೆ. ನಿಜವಾದ ಅಪಾಯಗಳಿರುವುದು ಬೇರೆ ಕಡೆ. ತಲೆಗೆ ಬೀಳುವ ಹೊಡೆತ ಮೊದಲನೆಯದು. ಹೆಲ್ಮೆಟ್ಟು ಚರ್ಮ ಹರಿಯುವುದನ್ನು ತಪ್ಪಿಸೀತು, ಮೆದುಳಿನ ಅಲುಗಾಟವನ್ನಲ್ಲ. ಮಕ್ಕಳಿಂದ ಹೆಂಚು ಇಟ್ಟಿಗೆ ಒಡೆಸಿ ಚಪ್ಪಾಳೆ ಗಿಟ್ಟಿಸುವುದು ಎರಡನೆಯದು. ಇನ್ನೂ ಬೆಳೆಯುತ್ತಿರುವ ಗೆಣ್ಣುಗಳಿಗೆ ಆ ಪೆಟ್ಟು ಬೇಕಿಲ್ಲ.

ಮೂರನೆಯದು ತೂಕ ಇಳಿಸುವ ಹುಚ್ಚು. ಪಂದ್ಯದ ಹಿಂದಿನ ದಿನ ಊಟ ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡಿಸಿ ಕೆಳಗಿನ ವಿಭಾಗಕ್ಕೆ ನುಗ್ಗಿಸುವ ತರಬೇತುದಾರರಿದ್ದಾರೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ, ಸುಮಾರು ಒಂದು ತಿಂಗಳ ಅವಧಿಯಲ್ಲಿ, ಪ್ರಾಣ ಬಿಟ್ಟರು. ಅಲ್ಲಿನ ನಿಯಮಗಳೇ ಬದಲಾದವು. ಬೆಳೆಯುವ ಮಗುವಿನ ತೂಕ ಏರಬೇಕಾದದ್ದು ಸಹಜ. ಏರಿದರೆ ಮೇಲಿನ ವಿಭಾಗದಲ್ಲಿ ಆಡಲಿ, ಸೋತರೆ ಸೋಲಲಿ.

ಬೆಲ್ಟಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಒಗೆಯದ ಬಿಳಿ ಬೆಲ್ಟು ಕೊಳೆಯಾಗಿ ಕಪ್ಪಾಯಿತು ಎಂಬುದು ಕಟ್ಟುಕತೆ. ಕಪ್ಪು ಬೆಲ್ಟು 1880ರ ದಶಕದಲ್ಲಿ ಕಾನೊ ಅವರ ಶಾಲೆಯಲ್ಲಿ ಶುರುವಾದ ಗುರುತು. ಮೊದಲ ಕಪ್ಪು ಬೆಲ್ಟಿನ ದರ್ಜೆಗೆ ಜಪಾನಿ ಭಾಷೆಯಲ್ಲಿ 'ಶೊದಾನ್' ಎನ್ನುತ್ತಾರೆ. ಆರಂಭದ ಮೆಟ್ಟಿಲು ಎಂದು ಅರ್ಥ. ಎರಡೇ ವರ್ಷದಲ್ಲಿ ಕಪ್ಪು ಬೆಲ್ಟು ಗ್ಯಾರಂಟಿ ಎನ್ನುವ ಕಡೆ ನಿಮ್ಮ ದುಡ್ಡು ಬೆಲ್ಟಿಗೆ ಹೋಗುತ್ತದೆ, ವಿದ್ಯೆಗಲ್ಲ.

"ಈ ವರ್ಷ ಎಸ್ಸೆಸ್ಸೆಲ್ಸಿ, ಬಿಡಿಸಿಬಿಟ್ಟೆವು"

ಜೂನ್ ಬಂತೆಂದರೆ ಹತ್ತನೇ ತರಗತಿಯವರ ಸಾಲು ಅರ್ಧಕ್ಕಿಳಿಯುತ್ತದೆ. ನನಗೆ ಅತಿ ಸಂಕಟ ಕೊಡುವ ತಪ್ಪು ಕಲ್ಪನೆ ಇದೇ. ಮೈದಾನಕ್ಕೆ ಕೊಟ್ಟ ಸಮಯ ಅಂಕ ಕಸಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೆವರಿಳಿಯುವ ಚಟುವಟಿಕೆ ಬೇಕು ಎನ್ನುತ್ತದೆ. ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81 ಮಂದಿಗೆ ಅದು ಸಿಗುತ್ತಿಲ್ಲ ಎಂದೂ ಹೇಳಿದೆ. ಪರೀಕ್ಷೆಯ ವರ್ಷ ಅಂದರೆ ಹೆದರಿಕೆಯ, ನಿದ್ದೆಗೆಡುವ ವರ್ಷ. ಮನಸ್ಸಿನ ಭಾರ ಇಳಿಸುತ್ತಿದ್ದ ಒಂದು ಗಂಟೆಯನ್ನು ಆ ವರ್ಷವೇ ಕಿತ್ತುಕೊಳ್ಳುತ್ತೇವೆ. ವಾರಕ್ಕೆ ಐದು ದಿನ ಇದ್ದದ್ದನ್ನು ನಾವು ಎರಡಕ್ಕಿಳಿಸಿದೆವು, ಪಂದ್ಯಗಳನ್ನು ಬಿಟ್ಟೆವು, ಕ್ಲಾಸು ಬಿಡಿಸಲಿಲ್ಲ. ಆ ಎರಡು ಸಂಜೆ ಅವಳು ಹಸಿದು ಬಂದು ಹೊಟ್ಟೆತುಂಬ ಉಂಡು ಹತ್ತಕ್ಕೆಲ್ಲ ಮಲಗುತ್ತಿದ್ದಳು.

ಸೇರಿಸುವ ಮೊದಲು ಒಂದು ವಾರ ಹೋಗಿ ಕೂತು ನೋಡಿ. ಮೈ ಬಿಸಿ ಮಾಡಿಸದೆ ಶುರು ಮಾಡುತ್ತಾರೆಯೇ, ಸೋತ ಮಗುವಿಗೆ ಏನು ಹೇಳುತ್ತಾರೆ, ದೊಡ್ಡವರನ್ನು ಚಿಕ್ಕವರ ಮೇಲೆ ಬಿಡುತ್ತಾರೆಯೇ, ಪೆಟ್ಟಾದರೆ ಆಟ ನಿಲ್ಲಿಸುತ್ತಾರೆಯೇ, ಹೆಣ್ಣುಮಕ್ಕಳ ಭಂಗಿ ತಿದ್ದುವಾಗ ಮೊದಲು ಕೇಳಿ ಮುಟ್ಟುತ್ತಾರೆಯೇ. ಇಷ್ಟು ಕಾಣಲು ಕರಾಟೆ ಗೊತ್ತಿರಬೇಕಾಗಿಲ್ಲ. ಪೋಷಕರು ಒಳಗೆ ಬರಬಾರದು ಎಂದು ಬಾಗಿಲು ಹಾಕಿಕೊಳ್ಳುವ ಜಾಗವಾದರೆ ಮಗುವಿನ ಕೈ ಹಿಡಿದು ವಾಪಸ್ ಬನ್ನಿ, ಇನ್ನೊಂದು ಕ್ಲಾಸು ಹುಡುಕಿ.