ಕಿವಿ ಕೇಳುವದು, ಮನಸ್ಸು ತಿಳಿಯುವದು

ಮಾತನ್ನು ತಿಳಿಯುವದು ಕಿವಿಯ ಕೆಲಸವೆಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಕಿವಿಯು ಮನಸ್ಸಿಗೆ ಒಪ್ಪಿಸುವದು ಧ್ವನಿಯ ಪ್ರವಾಹವನ್ನು ಮಾತ್ರ. ಅಚ್ಚಿನ ಪುಟದಲ್ಲಿ ಪದಪದಗಳ ನಡುವೆ ಇರುವ ತೆರಪು ಆಡುವ ಮಾತಿನಲ್ಲಿ ಇಲ್ಲ. ನಾವರಿಯದ ಭಾಷೆಯು ಬಹು ಶೀಘ್ರವಾಗಿ ಓಡುವಂತೆ ತೋರುವದು ಇದರಿಂದಲೇ. ಪದಗಳನ್ನು ಬೇರ್ಪಡಿಸುವದು ಕೇಳುವವರ ಮನಸ್ಸೇ.

ಈ ಸಾಮರ್ಥ್ಯವು ತೊಟ್ಟಿಲಿನಲ್ಲಿಯೇ ಮೊದಲಾಗುವದು. ಅಮೇರಿಕದ ಜೆನ್ನಿ ಸ್ಯಾಫ್ರನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಎಂಟು ತಿಂಗಳ ಶಿಶುಗಳಿಗೆ ಅರ್ಥವಿಲ್ಲದ ಅಕ್ಷರಗಳ ಎಡೆಬಿಡದ ಧಾರೆಯನ್ನು ಎರಡೇ ನಿಮಿಷ ಕೇಳಿಸಿದರು. ಯಾವಾಗಲೂ ಒಟ್ಟಾಗಿ ಬರುವ ಅಕ್ಷರಗಳ ಗುಂಪನ್ನು ಶಿಶುಗಳು ಉಳಿದವುಗಳಿಂದ ಬೇರೆಯಾಗಿ ಗುರುತಿಸಿದುವೆಂದು 1996ರಲ್ಲಿ ಅವರು ಪ್ರಕಟಿಸಿದರು.

ಹೀಗೆ ಕೂಡಿಟ್ಟ ಭಂಡಾರದಿಂದ ಮನಸ್ಸು ಮಾತಿನ ಕೊರತೆಯನ್ನೂ ತುಂಬಿಕೊಳ್ಳುವದು. ರಿಚರ್ಡ್ ವಾರನ್ ಎಂಬ ಪಂಡಿತರು ಒಂದು ವಾಕ್ಯದೊಳಗಿನ ಒಂದು ಧ್ವನಿಯನ್ನು ತೆಗೆದು, ಆ ಸ್ಥಳದಲ್ಲಿ ಕೆಮ್ಮನ್ನು ಸೇರಿಸಿ ಕೇಳಿಸಿದರು. ಏನಾದರೂ ಲೋಪವಾಗಿದೆಯೆಂದು ಕೇಳಿದವರಿಗೆ ಪ್ರಾಯಶಃ ತೋರಲೇ ಇಲ್ಲ. ಇದು 1970ರಲ್ಲಿ ಪ್ರಕಟವಾಯಿತು. ಕಣ್ಣು ಸಹ ಈ ಕೆಲಸದಲ್ಲಿ ಪಾಲುಗೊಳ್ಳುವದು. 1976ರಲ್ಲಿ ಮೆಕ್‌ಗರ್ಕ್, ಮೆಕ್‌ಡೊನಾಲ್ಡ್ ಎಂಬಿಬ್ಬರು ತೋರಿಸಿಕೊಟ್ಟಂತೆ, ‘ಗ’ ಎಂದು ಉಚ್ಚರಿಸುವ ಬಾಯಿಯನ್ನು ನೋಡುತ್ತಾ ‘ಬ’ ಎಂಬ ಧ್ವನಿಯನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ‘ಡ’ ಎಂದು ಕೇಳಿಸಿತು.

ಇದರಿಂದ ನಾವು ಕಲಿಯತಕ್ಕದ್ದೇನು? ಭಂಡಾರವಿದ್ದವರಿಗೆ ಮಾತ್ರ ಕೊರತೆಯನ್ನು ತುಂಬುವದು ಸಾಧ್ಯ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಬೆಳೆದು ಕನ್ನಡದ ತರಗತಿಗೆ ಹೊಸದಾಗಿ ಬಂದ ಹುಡುಗಿಗೆ, ಮಳೆಯ ಸದ್ದಿನಲ್ಲಿ ತಪ್ಪಿಹೋದ ಒಂದು ಪದವು ಇಡೀ ವಾಕ್ಯವನ್ನೇ ಕಳೆಯಬಹುದು. ಕಿವಿ ಸೋರುವ ಹುಡುಗಿಯ ಪಾಡೂ ಇದಕ್ಕಿಂತ ಭಿನ್ನವಲ್ಲ. ಅವಳು ಸುಮ್ಮನಿರುವದನ್ನು ಕಂಡು ನಾವು ಅವಳಿಗೆ ಮಂದಬುದ್ಧಿಯೆಂಬ ಹೆಸರಿಡುತ್ತೇವೆ. ಒಮ್ಮೆ ಇಟ್ಟ ಆ ಹೆಸರನ್ನು ಅವಳೇ ನಂಬತೊಡಗುವದು ಎಲ್ಲಕ್ಕಿಂತ ದೊಡ್ಡ ನಷ್ಟವು.

ಆದಕಾರಣ ಹೆತ್ತವರಲ್ಲಿಯೂ, ಈಗ ತಾಯಂದಿರೂ ಶಿಕ್ಷಕಿಯರೂ ಆಗಿರುವ ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೇ. ಮಾತು ಬಾರದ ಕೂಸಿನೊಡನೆಯೂ ನಿಮ್ಮ ಮನೆಮಾತಿನಲ್ಲಿ ಧಾರಾಳವಾಗಿ ಮಾತಾಡಿರಿ. ಮಗುವಿಗೆ ಏನಾದರೂ ಹೇಳುವಾಗ ಅದರ ಕಡೆಗೆ ಮುಖವನ್ನು ತಿರುಗಿಸಿ, ಬೆಳಕಿನಲ್ಲಿ ನಿಂತು, ಪೂರ್ಣವಾದ ವಾಕ್ಯವನ್ನು ಸ್ಪಷ್ಟವಾಗಿ ನುಡಿಯಿರಿ. ಹೇಳಿದ್ದನ್ನು ಅದರ ಬಾಯಿಂದಲೇ ತಿರುಗಿ ಹೇಳಿಸಿರಿ. ಪುನಃ ಪುನಃ ‘ಏನು?’ ಎಂದು ಕೇಳುವ ಮಗುವನ್ನು ಗದರಿಸುವದಕ್ಕೆ ಮುಂಚೆ ವೈದ್ಯರಿಗೆ ತೋರಿಸಿರಿ. ಬುದ್ಧಿಯನ್ನು ಅಳೆಯುವ ಮೊದಲು, ನಮ್ಮ ಮಾತು ಆ ಬುದ್ಧಿಯ ಬಾಗಿಲಿಗೆ ತಲಪಿತೋ ಎಂದು ವಿಚಾರಿಸುವದು ನಮ್ಮ ಕರ್ತವ್ಯವು.